ಎಂಬತ್ತು ಸಾವಿರದ ಅಡ್ವಾನ್ಸ್: ಕೆಲಸ ಹುಡುಕುತ್ತ ಬಂದ ಒಂದು ಜೋಡಿಯ ಪ್ರಕರಣ

ಈ ಪ್ರಕರಣವನ್ನು ನಾನು ಹೊರಗೆ ನಿಂತು ನೋಡಿದವನಲ್ಲ. ಮನೆ ನನ್ನದು, ಅಡ್ವಾನ್ಸ್ ತೆಗೆದುಕೊಂಡವನೂ ನಾನೇ. ಬ್ಯಾಂಕಿನಲ್ಲಿ ಮೂವತ್ತಮೂರು ವರ್ಷ ದುಡಿದೆ, ಅದರಲ್ಲಿ ಹದಿನಾಲ್ಕು ವರ್ಷ ಸಾಲದ ಮೇಜಿನಲ್ಲೇ ಕಳೆಯಿತು. ಕಂಡವರ ಜಮಾ-ಖರ್ಚು ಓದುವುದೇ ನನ್ನ ಕಸುಬಾಗಿತ್ತು. ಹಾಗಿದ್ದೂ ನನ್ನ ತಲೆಯ ಮೇಲಿನ ಮಹಡಿಯಲ್ಲಿ ನಡೆಯುತ್ತಿದ್ದ ಲೆಕ್ಕ ಎರಡು ತಿಂಗಳು ನನಗೆ ಕಾಣಿಸಲಿಲ್ಲ. ಗಂಡ-ಹೆಂಡತಿ ಇಬ್ಬರ ಒಪ್ಪಿಗೆ ಪಡೆದು, ಅವರ ಖರ್ಚಿನ ಪುಸ್ತಕವನ್ನು ಎದುರಿಗೆ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ, ಗುರುತು ಸಿಗುವಂತಹ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಅಂಕಿಗಳನ್ನು ಹತ್ತಿರದ ನೂರಕ್ಕೆ ಹೊಂದಿಸಿಕೊಂಡಿದ್ದೇನೆ.

ಅವರು ಬಂದದ್ದು ರಾಣೆಬೆನ್ನೂರು ಕಡೆಯಿಂದ, 2024ರ ಜೂನ್ 2ರ ಭಾನುವಾರ. ಮದುವೆಯಾಗಿ ಏಳು ತಿಂಗಳಾಗಿತ್ತು. ಅವನಿಗೆ ಇಪ್ಪತ್ತೆಂಟು ವರ್ಷ, ಡಿಪ್ಲೊಮಾ ಮೆಕ್ಯಾನಿಕಲ್. ದಾವಣಗೆರೆಯ ಒಂದು ದ್ವಿಚಕ್ರ ವಾಹನಗಳ ಷೋರೂಮಿನ ಸರ್ವಿಸ್ ವಿಭಾಗದಲ್ಲಿ ಮೂರು ವರ್ಷ ಕೆಲಸ ಮಾಡಿದ್ದ, ಸಂಬಳ 17,000. ಅವಳಿಗೆ ಇಪ್ಪತ್ತೈದು, ಬಿ.ಕಾಂ.; ಊರಿನಲ್ಲಿ ಬಿತ್ತನೆ ಬೀಜದ ವ್ಯಾಪಾರಿಯೊಬ್ಬರ ಬಳಿ ಟ್ಯಾಲಿಯಲ್ಲಿ ಲೆಕ್ಕ ಬರೆಯುತ್ತಿದ್ದಳು, ಸಂಬಳ 8,000. ಅವನು ಏಪ್ರಿಲ್ ಕೊನೆಗೆ ಕೆಲಸ ಬಿಟ್ಟಿದ್ದ. ಜಗಳವಾಡಿಕೊಂಡು ಬಿಟ್ಟದ್ದು, ಆದ್ದರಿಂದ ರಿಲೀವಿಂಗ್ ಲೆಟರ್, ಎಂದರೆ ಕೆಲಸದಿಂದ ಬಿಡುಗಡೆ ಮಾಡಿದ ಪತ್ರ, ಕೈಗೆ ಬಂದಿರಲಿಲ್ಲ. ಈ ಒಂದು ಹಾಳೆ ಮುಂದೆ ಎಷ್ಟು ಕಾಡಲಿದೆ ಎಂಬುದು ಆಗ ಅವನಿಗೂ ಗೊತ್ತಿರಲಿಲ್ಲ.

ಬೆಂಗಳೂರಿನ ನಂದಿನಿ ಲೇಔಟಿನಲ್ಲಿ ನನ್ನ ಮನೆ. ಒಂದು ಕಡೆ ಪೀಣ್ಯ, ಇನ್ನೊಂದು ಕಡೆ ರಾಜಾಜಿನಗರ. ಕೆಲಸ ಹುಡುಕುವವರಿಗೆ ಕೆಟ್ಟ ಜಾಗವಲ್ಲ. ಗೇಟಿಗೆ ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡು ತೂಗುಹಾಕಿದ್ದೆ. ಬ್ರೋಕರ್ ಇಲ್ಲದೆ ಮನೆ ಹುಡುಕಬೇಕೆಂದು ಹಟ ಹಿಡಿದು ಬೀದಿ ಬೀದಿ ನಡೆಯುತ್ತಿದ್ದವರು ಬೋರ್ಡು ನೋಡಿ ಬೆಲ್ ಒತ್ತಿದರು. ಬೆಂಗಳೂರಿನ ಮನೆ ಮಾಲೀಕರಿಗೆಲ್ಲ ಒಂದು ಪ್ರಶ್ನೆ ನಾಲಿಗೆಯ ತುದಿಯಲ್ಲೇ ಇರುತ್ತದೆ, ನಾನೂ ಅದನ್ನೇ ಕೇಳಿದೆ: “ಎಲ್ಲಿ ಕೆಲಸ?”

“ಹುಡುಕುತ್ತಿದ್ದೇವೆ” ಎಂದು ಅವನು ಹೇಳಿದ. ನನಗಿಂತ ಮೊದಲು ಆರು ಮನೆಗಳಲ್ಲಿ ಇದೇ ಉತ್ತರ ಕೊಟ್ಟು, ಆರು ಕಡೆಯೂ “ಆಮೇಲೆ ಹೇಳುತ್ತೇವೆ” ಎನ್ನಿಸಿಕೊಂಡಿದ್ದರಂತೆ. ಕೆಲಸವಿಲ್ಲದೆ ಮನೆ ಸಿಗುವುದಿಲ್ಲ, ಬೆಂಗಳೂರಿನಲ್ಲಿ ಒಂದು ವಿಳಾಸವಿಲ್ಲದೆ ಸಂದರ್ಶನಕ್ಕೂ ಕರೆಯುವುದಿಲ್ಲ.

ನಾನು ‘ಆಮೇಲೆ’ ಎನ್ನಲಿಲ್ಲ. ದೊಡ್ಡತನ ಎಂದುಕೊಳ್ಳಬೇಡಿ, ಬೇರೆ ದಾರಿ ಹಿಡಿದೆ ಅಷ್ಟೆ. ಬಾಡಿಗೆ 11,000, ಅಡ್ವಾನ್ಸ್ ಹತ್ತು ತಿಂಗಳದ್ದು ಎಂದೆ. ಅವರ ಮುಖ ಬಾಡಿತು. ಕೊನೆಗೆ 80,000ಕ್ಕೆ ಇಳಿದೆ, ಉಪಕಾರ ಮಾಡಿದೆನೆಂಬ ಭಾವನೆಯಿಂದಲೇ ಇಳಿದೆ. ನಿಜ ಹೇಳಬೇಕೆಂದರೆ, ಹಿಂದಿನ ಬಾಡಿಗೆದಾರ ಕಂಪನಿಯ ಐಡಿ ಕಾರ್ಡನ್ನು ಕೊರಳಿಗೆ ಹಾಕಿಕೊಂಡು ಬಂದಿದ್ದ. ಅವನಿಗೆ ಇದೇ ಮನೆಯನ್ನು 50,000ಕ್ಕೆ ಕೊಟ್ಟಿದ್ದೆ. ಸಂಬಳವಿದ್ದವನಿಗೆ ಐವತ್ತು, ಇಲ್ಲದವರಿಗೆ ಎಂಬತ್ತು. ಸಾಲದ ಮೇಜಿನಲ್ಲಿ ಕುಳಿತವನಿಗೆ ಇದು ವಿಚಿತ್ರವಾಗಿ ಕಾಣುವುದಿಲ್ಲ. ಅಪಾಯ ಹೆಚ್ಚಿದ್ದರೆ ಭದ್ರತೆಯೂ ಹೆಚ್ಚಿರಬೇಕು ಎಂದು ನಮಗೆ ಕಲಿಸಿದ್ದೇ ಹಾಗೆ.

ಎಂದಿನಂತೆ ಹನ್ನೊಂದು ತಿಂಗಳ ಕರಾರು ಬರೆಸಿದೆವು. ಹನ್ನೊಂದೇ ಏಕೆ ಎಂದು ಅವಳು ಕೇಳಿದಳು. ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆ ಕೇಳಿದ ಮೊದಲ ಬಾಡಿಗೆದಾರಳು ಅವಳೇ. ಒಂದು ವರ್ಷ ಮೀರಿದ ಗೇಣಿ ಪತ್ರವನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು, ಆ ಖರ್ಚು ಮತ್ತು ಓಡಾಟ ತಪ್ಪಿಸಲು ಊರೆಲ್ಲ ಹನ್ನೊಂದಕ್ಕೆ ನಿಲ್ಲಿಸುತ್ತದೆ ಎಂದು ಹೇಳಿದೆ. “ಹಾಗಾದರೆ ಅಡ್ವಾನ್ಸಿಗೆ ಯಾವ ಕಾಯ್ದೆ ಇದೆ, ಕಾಕಾ?” ಎಂದಳು. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಭದ್ರತಾ ಠೇವಣಿ ಬೇಡ ಎನ್ನುತ್ತದೆ. ಹೆಸರೇ ಹೇಳುವಂತೆ ಅದು ಮಾದರಿ, ರಾಜ್ಯ ತನ್ನದಾಗಿ ಮಾಡಿಕೊಂಡರೆ ಮಾತ್ರ ಬೆಲೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ “ಅದೆಲ್ಲ ಇಲ್ಲಿನ ಪದ್ಧತಿ ಅಮ್ಮ” ಎಂದು ಮಾತು ತೇಲಿಸಿದೆ.

ಅವಳ ‘ಕಾಕಾ’ (ಅವರ ಕಡೆ ಚಿಕ್ಕಪ್ಪ) ನನಗೆ ಹೊಸದು. ಬೆಂಗಳೂರಿನಲ್ಲಿ ಕಾಕಾ ಎಂದರೆ ಬೇಕರಿ ನಡೆಸುವ ಕೇರಳದವರು. ಮೊದಲ ದಿನ ನನ್ನ ಹೆಂಡತಿ ನಕ್ಕಳು, ವಾರ ಕಳೆಯುವಷ್ಟರಲ್ಲಿ ಅವಳೂ ‘ಕಾಕೂ’ ಆಗಿದ್ದಳು.

ಜಮಾ-ಖರ್ಚು

ಪುಸ್ತಕ ಅವಳದು. ಉದ್ದನೆಯ, ರಟ್ಟಿನ ಹೊದಿಕೆಯ, ಅಂಗಡಿಯವರು ಬಳಸುವಂತಹ ಖಾತೆ ಪುಸ್ತಕ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಮೊದಲ ಪುಟದ ಎಡಗಡೆ ಮೂರು ಸಾಲುಗಳಿವೆ: ಅವನ ಉಳಿತಾಯ 74,000, ಮದುವೆಯ ಮುಯ್ಯಿ 46,000, ಅವಳ ಉಳಿತಾಯ 40,000. ಒಟ್ಟು 1,60,000. ಕೈಯಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಹಣವಿದ್ದುದರಿಂದ ಆರು ತಿಂಗಳು ನಿಶ್ಚಿಂತೆ ಎಂದು ಇಬ್ಬರೂ ನಂಬಿದ್ದರು. ತಿಂಗಳ ಖರ್ಚನ್ನು ಅವರು ಊಹಿಸಿದ್ದು ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಊಹಿಸದೆ ಇದ್ದದ್ದು ಮೊದಲ ವಾರವನ್ನು.

ಬಲಗಡೆ ನೋಡಿ. ಅಡ್ವಾನ್ಸ್ 80,000. ಜೂನ್ ಬಾಡಿಗೆ 11,000. ಊರಿನಿಂದ ಸಾಮಾನು ತಂದ ಟಾಟಾ ಏಸ್ ಗಾಡಿಗೆ 10,000. ಗ್ಯಾಸ್ ಸ್ಟವ್, ಹಾಸಿಗೆ, ಬಕೆಟ್ಟು, ಪರದೆ, ಕಿಟಕಿಗೆ ಸೊಳ್ಳೆ ಜಾಲರಿ, ಹೀಗೆ ಮನೆ ಹೂಡುವ ಚಿಲ್ಲರೆ ಸಾಮಾನುಗಳಿಗೆ 12,000. ಏಳು ದಿನಗಳಲ್ಲಿ 1,13,000 ಹೋಗಿ, ಉಳಿದದ್ದು 47,000.

ಇನ್ನು ತಿಂಗಳ ಖರ್ಚು. ಬಾಡಿಗೆ 11,000, ನೀರಿಗೆ 300, ದಿನಸಿ-ಹಾಲು-ತರಕಾರಿ-ಗ್ಯಾಸ್ 6,500, ಇಬ್ಬರ ಮೊಬೈಲ್ 600, ಓಡಾಟ 1,500, ಅವನ ಬೈಕಿನ ಸಾಲದ ಕಂತು 3,100, ಔಷಧಿ ಮತ್ತು ಇತರೆ 1,500. ಒಟ್ಟು 24,500. ಮೇಲಿನ ಮನೆಗೆ ಬೇರೆ ಮೀಟರ್ ಇದೆ. ಬಳಕೆ ಕಡಿಮೆ ಇದ್ದುದರಿಂದ ಗೃಹಜ್ಯೋತಿಯಲ್ಲಿ ವಿದ್ಯುತ್ ಬಿಲ್ಲು ಸೊನ್ನೆ. ಜೂನ್ ಬಾಡಿಗೆ ಆಗಲೇ ಕೊಟ್ಟಾಗಿತ್ತಾದ್ದರಿಂದ ಆ ತಿಂಗಳು ಬೇಕಾದದ್ದು 13,500. ಹಾಗೆ ಕಳೆಯುತ್ತ ಹೋದರೆ ಜುಲೈ ಕೊನೆಗೆ ಕೈಯಲ್ಲಿ 9,000. ಆಗಸ್ಟ್ ಬಾಡಿಗೆಗೆ ಸಾಲದು.

ಅಡ್ವಾನ್ಸ್ ಎರಡು ತಿಂಗಳದ್ದು, ಎಂದರೆ 22,000 ಆಗಿದ್ದರೆ? ಮೊದಲ ವಾರದ ನಂತರ ಉಳಿಯುತ್ತಿದ್ದದ್ದು 1,05,000. ಅದೇ ವೇಗದಲ್ಲಿ ಕಳೆದರೆ ಸೆಪ್ಟೆಂಬರ್ ಕೊನೆಗೂ 18,000 ಮಿಗುತ್ತಿತ್ತು. ವ್ಯತ್ಯಾಸ 58,000 ರೂಪಾಯಿ, ಅವರ ಖರ್ಚಿನ ಲೆಕ್ಕದಲ್ಲಿ ಎರಡು ತಿಂಗಳು ಮತ್ತು ಹತ್ತು-ಹನ್ನೊಂದು ದಿನ. ಆ 58,000 ನನ್ನ ಬಳಿ ಏನು ಮಾಡುತ್ತಿತ್ತು ಎಂದು ಕೇಳಿದರೆ, ವರ್ಷಕ್ಕೆ ಶೇಕಡಾ 7ರ ಠೇವಣಿಯಲ್ಲಿ ಕುಳಿತಿತ್ತು. ತಿಂಗಳಿಗೆ 338 ರೂಪಾಯಿ ಬಡ್ಡಿ. ನನಗೆ 338 ರೂಪಾಯಿ ಬರಲೆಂದು ಅವರು ಕೆಲಸ ಹುಡುಕುವ ಕಾಲವನ್ನು ಅರ್ಧದಷ್ಟು ಕತ್ತರಿಸಿ ನನ್ನ ಕೈಗೆ ಕೊಟ್ಟಿದ್ದರು. ಬಾಡಿಗೆ ದುಬಾರಿ, ಬಾಡಿಗೆ ದುಬಾರಿ ಎಂದು ಎಲ್ಲರೂ ಹೇಳುತ್ತಾರೆ. ಈ ಜೋಡಿಗೆ ಪೆಟ್ಟು ಕೊಟ್ಟದ್ದು ಬಾಡಿಗೆಯಲ್ಲ.

ಅವಸರದ ಜುಲೈ

‘ಮೊದಲು ಇವನದೊಂದು ಆಗಲಿ, ಆಮೇಲೆ ನನ್ನದು ನೋಡೋಣ’ ಎಂಬುದು ಮನೆಯವರೆಲ್ಲ ಒಪ್ಪಿದ್ದ ಯೋಜನೆ. ಅವನ ಬಯೋಡೇಟಾದ ನಲವತ್ತು ಪ್ರತಿಗಳು ಮುದ್ರಣವಾಗಿದ್ದವು, ಅವಳದು ಒಂದೂ ಇರಲಿಲ್ಲ. ಆದರೆ ಬಾಡಿಗೆ ಕರಾರನ್ನು ಜೆರಾಕ್ಸ್ ಮಾಡಿಸಲು ಹೋದ ಅಂಗಡಿಯ ಗಾಜಿನ ಮೇಲೆ ‘ಟ್ಯಾಲಿ, ಜಿಎಸ್‌ಟಿ ಬಲ್ಲವರು ಬೇಕಾಗಿದ್ದಾರೆ’ ಎಂಬ ಚೀಟಿ ಅಂಟಿಸಿತ್ತು. ಅವಳು ಫೋನಿನಲ್ಲಿ ಫೋಟೊ ಹಿಡಿದುಕೊಂಡಳು. ಎರಡು ವಾರ ಯಾರಿಗೂ ಹೇಳಲಿಲ್ಲ.

ಜೂನ್ 24ರಂದು ರಾಜಾಜಿನಗರದ ಆಡಿಟರ್ ಕಚೇರಿಯೊಂದಕ್ಕೆ ಕೆಲಸಕ್ಕೆ ಸೇರಿದಳು, ಸಂಬಳ 14,000. ಇದರಲ್ಲಿ ಅದೃಷ್ಟಕ್ಕಿಂತ ಪಂಚಾಂಗದ ಪಾಲು ದೊಡ್ಡದು. ಆ ವರ್ಷ ಹೆಚ್ಚಿನವರಿಗೆ ಆದಾಯ ತೆರಿಗೆ ವಿವರ ಸಲ್ಲಿಸಲು ಜುಲೈ 31 ಕೊನೆಯ ದಿನವಾಗಿತ್ತು. ಅದರ ಮೇಲೆ ತಿಂಗಳು ತಿಂಗಳು ಜಿಎಸ್‌ಟಿಯ 11ನೇ ತಾರೀಕು, 20ನೇ ತಾರೀಕಿನ ಗಡುವುಗಳು. ಜೂನ್-ಜುಲೈನಲ್ಲಿ ಆಡಿಟರ್ ಕಚೇರಿಗಳಿಗೆ ಕೈ ಸಾಲದು. ಬೀಜದ ಅಂಗಡಿಯಲ್ಲಿ ನೂರಾರು ರೈತರ ಬಿಲ್ಲು ಬರೆದವಳನ್ನು ಅವರು ಅರ್ಧ ಗಂಟೆ ಕಂಪ್ಯೂಟರಿನ ಮುಂದೆ ಕೂರಿಸಿ ನೋಡಿ, ನಾಳೆಯಿಂದಲೇ ಬನ್ನಿ ಎಂದರು. ಇಂಗ್ಲಿಷಿನಲ್ಲಿ ನಿಮ್ಮ ಬಗ್ಗೆ ಹೇಳಿ ಎಂದು ಯಾರೂ ಕೇಳಲಿಲ್ಲ. ಅವನನ್ನು ಆ ಪ್ರಶ್ನೆ ಒಂಬತ್ತು ಕಡೆ ಎಡವಿಸಿತ್ತು.

ಇಂತಹ ಜೋಡಿಗಳಿಗೆ ಊರಿನ ಹಿರಿಯರು ಹೇಳುವ ಬುದ್ಧಿಮಾತು ಒಂದೇ: ಗಂಡ ಮೊದಲು ಹೋಗಿ ಪಿ.ಜಿ.ಯಲ್ಲಿ ಇರಲಿ, ಕೆಲಸವಾದ ಮೇಲೆ ಹೆಂಡತಿಯನ್ನು ಕರೆಸಿಕೊಳ್ಳಲಿ. ಖರ್ಚಿನ ಲೆಕ್ಕದಲ್ಲಿ ಅದು ಸರಿ. ಆಗ ಊಟವೂ ಸೇರಿ ತಿಂಗಳಿಗೆ ಏಳು ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ನಾನೂ ಎಷ್ಟೋ ಜನರಿಗೆ ಇದನ್ನೇ ಹೇಳಿದ್ದೇನೆ. ಈ ಪ್ರಕರಣ ನೋಡಿದ ಮೇಲೆ ಹೇಳುವುದಿಲ್ಲ. ಆ ಮಾತು ಕೇಳಿದ್ದರೆ ಮನೆಯಲ್ಲಿ ಮೊದಲು ಸಂಬಳ ತಂದವಳು ರಾಣೆಬೆನ್ನೂರಿನಲ್ಲೇ ಕುಳಿತಿರುತ್ತಿದ್ದಳು, ಅವನು ಪಿ.ಜಿ.ಯ ಮಂಚದ ಮೇಲೆ ಒಬ್ಬನೇ ಕೆಡುತ್ತಿದ್ದ.

ಹೆಂಡತಿಗೆ ಮೊದಲು ಕೆಲಸವಾದದ್ದು ಅವನಿಗೆ ಸಂತೋಷ ತಂದಿತು ಎಂದು ಬರೆಯಬಹುದಿತ್ತು. ತಂದಿರಲಿಕ್ಕೂ ಸಾಕು. ಆದರೆ ಪುಸ್ತಕದಲ್ಲಿ ಜುಲೈ 8ರ ಎದುರು ಬೇರೆಯವರ ಕೈಬರಹವಿದೆ, ಅವನದು: ‘ಕನ್ಸಲ್ಟೆನ್ಸಿ 15,000’. ಬರೆದದ್ದು ಹನ್ನೊಂದು ದಿನ ತಡವಾಗಿ, ಅವಳು ಫೋನಿನಲ್ಲಿ ಬ್ಯಾಂಕಿನ ಸಂದೇಶ ನೋಡಿದ ಮೇಲೆ.

ಆದದ್ದು ಇಷ್ಟು. ಒಂದು ಕನ್ಸಲ್ಟೆನ್ಸಿಯವರು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಕೊಡಿಸುತ್ತೇವೆ, ಮೊದಲು 15,000 ಕಟ್ಟಿ ಎಂದರು. ಇನ್ನೂ 60,000 ಕೊಟ್ಟರೆ ಎರಡು ವರ್ಷದ ಅನುಭವ ಪತ್ರವನ್ನೂ ಮಾಡಿಕೊಡುತ್ತೇವೆ ಎಂದರು. ಬೆಂಗಳೂರಿನಲ್ಲಿ ಇದಕ್ಕೆ ಬ್ಯಾಕ್‌ಡೋರ್ ಎಂದೇ ಹೆಸರು. ರಿಲೀವಿಂಗ್ ಲೆಟರ್ ಇಲ್ಲದೆ ಎಲ್ಲ ಕಡೆ ಬಾಗಿಲು ಮುಚ್ಚಿಸಿಕೊಂಡವನಿಗೆ, ಕಾಗದವನ್ನೇ ಮಾರುವ ಅಂಗಡಿ ದೇವಸ್ಥಾನದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. 15,000 ಕಟ್ಟಿದ, ರಸೀದಿ ಸಿಗಲಿಲ್ಲ. ಎರಡನೆಯ ವಾರಕ್ಕೆ ಫೋನ್ ಎತ್ತುವುದನ್ನು ಅವರು ನಿಲ್ಲಿಸಿದರು.

ಅಂತಹ ಅನುಭವ ಪತ್ರ ಕೈಗೆ ಬಂದಿದ್ದರೂ ಉಳಿಯುತ್ತಿರಲಿಲ್ಲ. ಇಂದು ಅನೇಕ ಕಂಪನಿಗಳು ಹೊಸಬರ ಹಿನ್ನೆಲೆ ಪರಿಶೀಲಿಸುವಾಗ ಪಿಎಫ್‌ನ ಯುಎಎನ್ ಸಂಖ್ಯೆಯಡಿ (ಭವಿಷ್ಯ ನಿಧಿಯ ಪ್ರತಿ ಸದಸ್ಯನಿಗೂ ಇರುವ ಒಂದೇ ಗುರುತಿನ ಸಂಖ್ಯೆ) ಇರುವ ಸೇವಾ ಇತಿಹಾಸವನ್ನು ನೋಡುತ್ತವೆ. ಎಲ್ಲಿ, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ದುಡಿದೆ ಎಂಬುದು ಅಲ್ಲಿ ಇರುತ್ತದೆ. ದಾವಣಗೆರೆಯ ಷೋರೂಮಿನಲ್ಲಿ ಪಿಎಫ್ ಕಟ್ಟುತ್ತಿದ್ದ ಅವಧಿಯಲ್ಲೇ ಬೆಂಗಳೂರಿನಲ್ಲಿ ಟೆಸ್ಟಿಂಗ್ ಮಾಡುತ್ತಿದ್ದೆ ಎಂಬ ಪತ್ರ ಒಂದು ವಾರವೂ ಬಾಳುವುದಿಲ್ಲ. ಇದನ್ನು ಆ ಕನ್ಸಲ್ಟೆನ್ಸಿಯವರು ಹೇಳಲಿಲ್ಲ, ಹೇಳುವುದೂ ಇಲ್ಲ.

ಜುಲೈ 19ರ ರಾತ್ರಿ ಮೇಲಿನ ಮನೆಯಲ್ಲಿ ದೊಡ್ಡ ದನಿ ಕೇಳಿತು. ಬೆಳಿಗ್ಗೆ ಎಂದಿನಂತೆ ಜೋಳದ ರೊಟ್ಟಿ ಬಡಿಯುವ ಸದ್ದು ಕೇಳಿಸಲಿಲ್ಲ. ಮೊದಲ ವಾರ ಆ ಸದ್ದಿಗೆ ಬೇಸತ್ತಿದ್ದ ನಾನು ಅಂದು ಕಾಫಿ ಹಿಡಿದುಕೊಂಡು ಅದಕ್ಕಾಗಿಯೇ ಕಿವಿಗೊಟ್ಟು ಕುಳಿತಿದ್ದೆ.

ಹದಿನೈದು ಸಾವಿರ ಕಳೆದುಕೊಂಡದ್ದು ಅವನ ದಡ್ಡತನ ಎಂದು ನನ್ನ ಹೆಂಡತಿಯ ತೀರ್ಪು. ನನ್ನ ತೀರ್ಪು ಅಷ್ಟು ಸರಳವಾಗಿಲ್ಲ. ಜುಲೈ ತಿಂಗಳಲ್ಲಿ ಅವನು ಹಾಕಿದ ಅರ್ಜಿಗಳ ಪಟ್ಟಿಯೂ ಅದೇ ಪುಸ್ತಕದ ಹಿಂಬದಿಯಲ್ಲಿದೆ, ಒಟ್ಟು ಅರವತ್ತೊಂದು. ಬ್ಯಾಂಕ್ ಸಾಲ ವಸೂಲಿ, ಆಸ್ಪತ್ರೆಯ ಬಿಲ್ಲಿಂಗ್, ವಿಮೆ, ಗೋದಾಮು, ಕಾಲ್ ಸೆಂಟರ್, ಟೆಸ್ಟಿಂಗ್. ಮೂರು ವರ್ಷ ಗಾಡಿಗಳ ಎಂಜಿನ್ ಸದ್ದು ಕೇಳಿಯೇ ರೋಗ ಹೇಳುತ್ತಿದ್ದವನ ಪಟ್ಟಿಯಲ್ಲಿ ವಾಹನಗಳಿಗೆ ಸಂಬಂಧಿಸಿದ ಅರ್ಜಿ ಆರು ಮಾತ್ರ. ಆ ಆರರಲ್ಲೂ ರಿಲೀವಿಂಗ್ ಲೆಟರ್ ಕೇಳಿದರು, ಉಳಿದ ಕಡೆ ಕೇಳಲಾರರೆಂಬ ಆಸೆ. ಕೈಯಲ್ಲಿ ಮೂರು ವಾರದ ಅಕ್ಕಿ ಮಾತ್ರ ಇರುವವನು ಹೀಗೆಯೇ ಹುಡುಕುತ್ತಾನೆ. ಕಾಲವಿಲ್ಲದವನಿಗೆ ಅಡ್ಡದಾರಿ ಹತ್ತಿರದ ದಾರಿಯಾಗಿ ಕಾಣುತ್ತದೆ. ಅವನ ಕಾಲ ಯಾರ ಬಳಿ ಠೇವಣಿಯಾಗಿತ್ತು ಎಂಬುದನ್ನು ಮೇಲೆ ಬರೆದಿದ್ದೇನೆ.

ಆ ಎರಡು ತಿಂಗಳು ಅವರು ಹೇಗೆ ಬದುಕಿದರು ಎಂಬುದನ್ನೂ ಪುಸ್ತಕವೇ ಹೇಳುತ್ತದೆ. ಅವಳ ‘ಓಡಾಟ’ ಕಾಲಂನಲ್ಲಿ ದಿನವೂ ಒಂದು ಸೊನ್ನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಕಂಡಕ್ಟರ್ ಕೊಟ್ಟ ಶೂನ್ಯ ಟಿಕೆಟಿಗೂ ಅವಳು ಲೆಕ್ಕ ಬರೆದಿದ್ದಾಳೆ. ಅವನ ಸಾಲುಗಳಲ್ಲಿ ಪದೇ ಪದೇ ‘ಊಟ 10’ ಎಂದಿದೆ. ಹತ್ತು ರೂಪಾಯಿಗೆ ಎಂತಹ ಊಟ ಎಂದು ಅರ್ಥವಾಗದೆ ಕೇಳಿದೆ. ಇಂದಿರಾ ಕ್ಯಾಂಟೀನ್. 2017ರಲ್ಲಿ ಅದು ಶುರುವಾದಾಗ ನಮ್ಮ ಬೀದಿಯಲ್ಲಿ ಎಷ್ಟು ಹಾಸ್ಯ ಮಾಡಿದ್ದೆವು ಎಂಬುದು ನೆನಪಿಗೆ ಬಂತು.

ಹದಿನೈದು ದಿನಕ್ಕೊಮ್ಮೆ ಊರಿನಿಂದ ಒಂದು ಚೀಲ ಬರುತ್ತಿತ್ತು. ರಾತ್ರಿ ಬಸ್ಸಿನಲ್ಲಿ ಪರಿಚಯದವರ ಕೈಯಲ್ಲಿ ಕಳಿಸಿದ್ದನ್ನು ಅವನು ನಸುಕಿನಲ್ಲಿ ಗೊರಗುಂಟೆಪಾಳ್ಯಕ್ಕೆ ಹೋಗಿ ಇಳಿಸಿಕೊಳ್ಳುತ್ತಿದ್ದ: ಜೋಳದ ಹಿಟ್ಟು, ಶೇಂಗಾ ಚಟ್ನಿ ಪುಡಿ, ಬ್ಯಾಡಗಿ ಮೆಣಸಿನಕಾಯಿ, ಒಣ ಕಾಳು. ದಿನಸಿಯ ಖರ್ಚು 6,500ರೊಳಗೆ ನಿಂತದ್ದು ಈ ಚೀಲದಿಂದ. ಕೆಲಸ ಹುಡುಕುವ ಮಕ್ಕಳಿಗೆ ಊರು ಕೊಡುವ ಸಾಲ ಇದು, ಯಾವ ಬ್ಯಾಂಕಿನ ಪುಸ್ತಕದಲ್ಲೂ ಇರುವುದಿಲ್ಲ. ತರಕಾರಿ ಗಾಡಿಯವನ ಬಳಿ ಉಳ್ಳಾಗಡ್ಡಿ ಕೇಳಿ, ಅವನು ಬೆಳ್ಳುಳ್ಳಿ ತೂಗಲು ಹೊರಟು, ಕೊನೆಗೆ ಬೆರಳು ಮಾಡಿ ತೋರಿಸಿ ‘ಈರುಳ್ಳಿ’ ಕಲಿತಳು. ಕನ್ನಡದ ಊರಿಗೇ ಬಂದು ಕನ್ನಡ ಕಲಿಯಬೇಕಾಯಿತು ಎಂದು ನನ್ನ ಹೆಂಡತಿಯ ಬಳಿ ಹೇಳಿಕೊಂಡು ನಕ್ಕಳಂತೆ.

ಆಗಸ್ಟ್ 4

ಭಾನುವಾರ ಸಂಜೆ ಅವಳು ಒಬ್ಬಳೇ ಕೆಳಗೆ ಬಂದಳು, ಕಂಕುಳಲ್ಲಿ ಆ ಪುಸ್ತಕ. ಜೂನ್‌ನ ಒಂದು ವಾರದ ಸಂಬಳ 3,000 ಬಂದಿತ್ತು, 15,000 ಹೋಗಿತ್ತು, ಅಣ್ಣನಿಂದ 5,000 ಕೈಗಡ ತಂದಿದ್ದರು. ಉಳಿದದ್ದು 2,000. ಜುಲೈ ಸಂಬಳ ಬರುವುದು 7ಕ್ಕೆ.

“ಕಾಕಾ, ಈ ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುತ್ತೀರಾ?”

ಆಗುವುದಿಲ್ಲ ಎಂದೆ. ಅಡ್ವಾನ್ಸ್ ಇರುವುದು ಮನೆ ಬಿಡುವಾಗಿನ ಲೆಕ್ಕಕ್ಕೆ, ತಿಂಗಳ ಬಾಡಿಗೆಗಲ್ಲ; ಒಮ್ಮೆ ಶುರುವಾದರೆ ಮುಗಿಯುವುದಿಲ್ಲ. ಬಾಡಿಗೆದಾರರಿಗೆ ಹೇಳಿ ಹೇಳಿ ಬಾಯಿಪಾಠವಾಗಿದ್ದ ಮಾತು. ನನ್ನ ಭಯಕ್ಕೆ ಕಾರಣವಿಲ್ಲದೆ ಇರಲಿಲ್ಲ. ಕೆಲವು ವರ್ಷಗಳ ಹಿಂದೆ ಒಬ್ಬ ಮೂರು ತಿಂಗಳ ಬಾಡಿಗೆ ಬಾಕಿ ಉಳಿಸಿ, ಹೋಗುವಾಗ ಬಲ್ಬುಗಳನ್ನೂ ಬಿಚ್ಚಿಕೊಂಡು ಹೋಗಿದ್ದ. ಬಾಡಿಗೆದಾರ ಬಿಡುವುದಿಲ್ಲ ಎಂದು ಕುಳಿತರೆ ನ್ಯಾಯಾಲಯದಲ್ಲಿ ವರ್ಷಗಳು ಉರುಳುತ್ತವೆ. ಪಿಂಚಣಿಯ ಜೊತೆಗೆ ಆ ಮಹಡಿಯ ಬಾಡಿಗೆಯೂ ನನಗೆ ಆಧಾರ. ಮನೆ ಮಾಲೀಕರೆಲ್ಲ ರಾಕ್ಷಸರೆಂದು ಬರೆಯುವವರು ಇದನ್ನೂ ಒಂದು ಸಾಲಿನಲ್ಲಿ ಬರೆದರೆ ಒಳ್ಳೆಯದು.

ಅವಳು ವಾದಿಸಲಿಲ್ಲ. ಪುಸ್ತಕವನ್ನು ನನ್ನ ಮುಂದೆ ತೆರೆದಿಟ್ಟು, “ನೀವು ಬ್ಯಾಂಕಿನವರು, ಇದರಲ್ಲಿ ನಾವು ಎಲ್ಲಿ ತಪ್ಪಿದೆವು ಹೇಳಿ” ಎಂದಳು.

ಹಳೆಯ ಚಾಳಿ, ಪೆನ್ಸಿಲ್ ಹಿಡಿದೆ. ತಿಂಗಳ ಖರ್ಚಿನಲ್ಲಿ ಕತ್ತರಿಸುವಂತಹದ್ದು ಎರಡು ಪುಟ ತಿರುವಿದರೂ ಸಿಗಲಿಲ್ಲ. 15,000 ತಪ್ಪು, ಸರಿ. ಆದರೆ ಅದಿಲ್ಲದೆಯೂ ಆಗಸ್ಟಿನಲ್ಲಿ ಉಸಿರುಗಟ್ಟುತ್ತಿತ್ತು. ಕೊನೆಗೆ ಪೆನ್ಸಿಲ್ ಮೊದಲ ಪುಟದ ಬಲಗಡೆಯ ಮೊದಲ ಸಾಲಿಗೇ ಬಂದು ನಿಂತಿತು. ಮೇಲೆ ಕೊಟ್ಟ 338 ರೂಪಾಯಿಯ ಲೆಕ್ಕ ಆ ಸಂಜೆ ಮಾಡಿದ್ದು, ಅವಳು ಹೋದ ಮೇಲೆ.

ಮೂರು ದಿನ ಬಿಟ್ಟು 40,000 ವಾಪಸ್ ಕೊಟ್ಟೆ. 58,000 ಏಕೆ ಕೊಡಲಿಲ್ಲ ಎಂದು ಓದುಗರು ಕೇಳಬಹುದು. ಕೈ ಬರಲಿಲ್ಲ. ಸುಣ್ಣ-ಬಣ್ಣ, ಕೊನೆಯ ತಿಂಗಳ ಬಾಕಿ, ಬಿಚ್ಚಿಕೊಂಡು ಹೋದ ಬಲ್ಬು ಎಲ್ಲ ಕಣ್ಣ ಮುಂದೆ ಬಂದವು. ಕರಾರು ಪತ್ರದ ಹಿಂದೆ 80,000 ಹೊಡೆದುಹಾಕಿ 40,000 ಎಂದು ಬರೆದು ಇಬ್ಬರೂ ಸಹಿ ಹಾಕಿದೆವು. ಆಗಸ್ಟ್ ಬಾಡಿಗೆಯನ್ನು ಅವಳು ಅದೇ ದಿನ, ಆ ಹಣದಿಂದಲೇ ಎಣಿಸಿಕೊಟ್ಟಳು.

ಆರು ವಾರ

ಆ ಮೇಲೆ ನಡೆದದ್ದರಲ್ಲಿ ಎಷ್ಟು ಆ ಹಣದ ಕೆಲಸ, ಎಷ್ಟು ಅವನದೇ ಪ್ರಯತ್ನ ಎಂದು ಬೇರ್ಪಡಿಸಲು ನನಗೆ ಬರುವುದಿಲ್ಲ. ಪಕ್ಕದ ಬೀದಿಯ ನನ್ನ ಗೆಳೆಯರೊಬ್ಬರು, ಮೂರು ಮನೆ ಬಾಡಿಗೆಗೆ ಕೊಟ್ಟವರು, “ಅವನಿಗೆ ಹೇಗಿದ್ದರೂ ಕೆಲಸ ಸಿಗುತ್ತಿತ್ತು, ನೀವು ಸುಮ್ಮನೆ ಹೆಮ್ಮೆ ಪಡುತ್ತಿದ್ದೀರಿ” ಎಂದರು. ಇರಬಹುದು. ಒಂದು ಪ್ರಕರಣದಿಂದ ಲೋಕದ ನಿಯಮ ಹೇಳಲಾಗದು. ಪುಸ್ತಕದ ಹಿಂಬದಿಯಲ್ಲಿ ಇರುವುದನ್ನಷ್ಟೇ ಹೇಳುತ್ತೇನೆ. ಜುಲೈನ ಅರವತ್ತೊಂದು ಅರ್ಜಿಗಳ ಜಾಗದಲ್ಲಿ ಆಗಸ್ಟಿನಲ್ಲಿ ಹದಿನಾಲ್ಕು. ಹದಿನಾಲ್ಕೂ ವಾಹನಗಳಿಗೆ ಸಂಬಂಧಿಸಿದವು.

ಮೊದಲ ಕೆಲಸವಾಗಿ ಅವನು ದಾವಣಗೆರೆಗೆ ಹೋದ. ಹಳೆಯ ಮ್ಯಾನೇಜರ್ ಅರ್ಧ ದಿನ ಕಾಯಿಸಿ, ನಾಳೆ ಬಾ ಎಂದರು. ಹತ್ತು ದಿನ ಬಿಟ್ಟು ಮತ್ತೆ ಹೋದ. ಎರಡನೆಯ ಸಲ ಪತ್ರ ಸಿಕ್ಕಿತು. ಜುಲೈನಲ್ಲಿ ಏಕೆ ಹೋಗಲಿಲ್ಲ ಎಂದರೆ, ಎರಡು ದಿನ ಮತ್ತು ಸಾವಿರ ರೂಪಾಯಿ ಖರ್ಚು ಮಾಡಿ ಬರಿಗೈಯಲ್ಲಿ ಬಂದರೆ ಏನು ಗತಿ ಎಂಬ ಹೆದರಿಕೆ. ಒಂದು ಸಲ ಬರಿಗೈಯಲ್ಲಿ ಬಂದು ಇನ್ನೊಂದು ಸಲ ಹೋಗುವ ಧೈರ್ಯಕ್ಕೂ ಹಣ ಬೇಕು.

ಇನ್ನೊಂದು ಪಿಎಫ್‌ನದು, ಇಲ್ಲಿ ನನ್ನ ಅನುಭವ ಸ್ವಲ್ಪ ಉಪಯೋಗಕ್ಕೆ ಬಂತು. ಅವನ ಖಾತೆಯಲ್ಲಿ 38,000 ಇತ್ತು. ಕೆಲಸವಿಲ್ಲದೆ ಒಂದು ತಿಂಗಳಾದರೆ ಶೇಕಡಾ 75ರಷ್ಟು ತೆಗೆಯಬಹುದೆಂಬ ನಿಯಮ ಆಗ ಇತ್ತು. ಆದರೆ ಹಳೆಯ ಕಂಪನಿ ಅವನು ಕೆಲಸ ಬಿಟ್ಟ ದಿನಾಂಕವನ್ನೇ ನಮೂದಿಸಿರಲಿಲ್ಲ, ಪಿಎಫ್ ಇಲಾಖೆಯ ಕಣ್ಣಿನಲ್ಲಿ ಅವನಿನ್ನೂ ದಾವಣಗೆರೆಯಲ್ಲೇ ದುಡಿಯುತ್ತಿದ್ದ. ಅವರೇ ಹಾಕಬೇಕು, ಅವರು ಹಾಕುವುದಿಲ್ಲ ಎಂದು ಅವನು ಕೈಚೆಲ್ಲಿದ್ದ. ಕೊನೆಯ ವಂತಿಗೆ ಸಂದು ಎರಡು ತಿಂಗಳು ಕಳೆದ ಮೇಲೆ ಸದಸ್ಯನೇ ಆನ್‌ಲೈನಿನಲ್ಲಿ ಆ ದಿನಾಂಕ ನಮೂದಿಸಬಹುದು, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರುತ್ತದೆ ಅಷ್ಟೆ. ನನ್ನ ಊಟದ ಮೇಜಿನ ಮೇಲೆ ಕುಳಿತು ಹತ್ತು ನಿಮಿಷದಲ್ಲಿ ಹಾಕಿದ. ಆಧಾರ್‌ನಲ್ಲಿ ಹೆಸರಿನ ಹಿಂದೆ ಇನಿಶಿಯಲ್ ಇಲ್ಲ, ಪಿಎಫ್‌ನಲ್ಲಿ ಇದೆ ಎಂಬ ಇನ್ನೊಂದು ತಕರಾರು ಎದ್ದು, ಅದನ್ನು ಸರಿಪಡಿಸುವಷ್ಟರಲ್ಲಿ ಆಗಸ್ಟ್ ಮುಗಿಯಿತು. ಸೆಪ್ಟೆಂಬರಿನಲ್ಲಿ 28,500 ಬಂತು. ಮುಪ್ಪಿಗೆಂದು ಇಟ್ಟದ್ದನ್ನು ಇಪ್ಪತ್ತೆಂಟಕ್ಕೆ ತೆಗೆಸಿದ್ದು ನನಗೆ ಇಷ್ಟವಾಗಲಿಲ್ಲ. ಆದರೆ ಬಡ್ಡಿಗೆ ಕೈಸಾಲ ತರುವುದಕ್ಕಿಂತ ವಾಸಿ.

ಆಗಸ್ಟ್ ಮಧ್ಯದಲ್ಲಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಕೆಲಸ ಸಿಕ್ಕಿತ್ತು, 15,000ಕ್ಕೆ. ಅಲ್ಲಿನ ಗೇಟುಗಳ ಮೇಲೆ ‘ಬೇಕಾಗಿದ್ದಾರೆ’ ಬೋರ್ಡುಗಳು ಬಾರದ ದಿನವೇ ಇಲ್ಲ, ಬೈಕಿನಲ್ಲಿ ಗೇಟಿನಿಂದ ಗೇಟಿಗೆ ಹೋಗಿ ಓದಿಕೊಂಡು ಬರುತ್ತಿದ್ದ. ಗಂಡ ಹೆಂಡತಿ ಒಂದು ರಾತ್ರಿ ಕುಳಿತು ಯೋಚಿಸಿ ಅದನ್ನು ಬೇಡ ಎಂದರು. ಜುಲೈನಲ್ಲಿ ಆಗಿದ್ದರೆ ಕಣ್ಣು ಮುಚ್ಚಿ ಹಿಡಿಯುತ್ತಿದ್ದೆ ಎಂದು ಆಮೇಲೆ ಅವನೇ ಹೇಳಿದ. ಸೆಪ್ಟೆಂಬರ್ 18ರಂದು ಒಂದು ಎಲೆಕ್ಟ್ರಿಕ್ ಸ್ಕೂಟರ್ ಸರ್ವಿಸ್ ಕೇಂದ್ರಕ್ಕೆ ಸೇರಿದ, ಸಂಬಳ 22,000, ಪಿಎಫ್ ಬೇರೆ. ಸಂದರ್ಶನದಲ್ಲಿ ಒಂದು ಗಾಡಿಯನ್ನು ಎದುರಿಗೆ ನಿಲ್ಲಿಸಿ, ಗ್ರಾಹಕ ಸಿಟ್ಟಿನಲ್ಲಿದ್ದಾನೆ, ಏನು ಹೇಳುತ್ತೀಯ ಎಂದು ಕೇಳಿದರಂತೆ. ಅವನು ಕನ್ನಡದಲ್ಲಿಯೇ ಹೇಳಿದ. ಮರುದಿನ ಬೆಳಿಗ್ಗೆ ರೊಟ್ಟಿಯ ಸದ್ದು ಸ್ವಲ್ಪ ಜೋರಾಗಿಯೇ ಇತ್ತು. ಅಣ್ಣನ 5,000 ಅದಕ್ಕೂ ಮೊದಲೇ, ಆಗಸ್ಟಿನಲ್ಲೇ ತೀರಿತ್ತು.

ಮನೆ ಬಿಡುವಾಗ

ಹನ್ನೊಂದು ತಿಂಗಳು ತುಂಬಿದ ಮೇಲೆ, 2025ರ ಮೇ ಮೊದಲ ವಾರ, ಅವನ ಕೆಲಸಕ್ಕೆ ಹತ್ತಿರವೆಂದು ಬೇರೆ ಬಡಾವಣೆಗೆ ಹೋದರು. ಅಲ್ಲಿನ ಮಾಲೀಕರು ಮೊದಲು ಕೇಳಿದ್ದೂ “ಎಲ್ಲಿ ಕೆಲಸ?” ಎಂದೇ. ಇಬ್ಬರದೂ ಹೇಳಿದ ಮೇಲೆ ಅಡ್ವಾನ್ಸ್ ತಾನಾಗಿಯೇ ಐದು ತಿಂಗಳಿಗೆ ಇಳಿಯಿತಂತೆ.

ನಮ್ಮ ಕರಾರಿನಲ್ಲಿ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಸಾಲು ಇತ್ತು. ಊರಿನ ಎಲ್ಲ ಕರಾರುಗಳಲ್ಲೂ ಇರುತ್ತದೆ, ಬಣ್ಣ ಹೊಡೆಸಿದರೂ ಸರಿ, ಬಿಟ್ಟರೂ ಸರಿ. ಅಷ್ಟು ಮುರಿಯುವುದು ಬೇಡ, ಆದ ಖರ್ಚಷ್ಟೇ ಸಾಕು ಎಂದು ನಿರ್ಧರಿಸಿ 6,000 ಎಂದೆ. ಅವಳು ಪುಸ್ತಕ ತೆಗೆದಳು. ಹಳೆಯದು ತುಂಬಿತ್ತು, ಇದು ಎರಡನೆಯದು.

“ಬಣ್ಣದವರ ಬಿಲ್ ಇದೆಯೇ, ಕಾಕಾ?”

ಇರಲಿಲ್ಲ. ಹತ್ತು ತಿಂಗಳು ಆಡಿಟರ್ ಕಚೇರಿಯಲ್ಲಿ ಪಳಗಿದವಳು ಬಿಲ್ಲಿಲ್ಲದ ಖರ್ಚನ್ನು ಒಪ್ಪುತ್ತಾಳೆಯೇ. ಬಣ್ಣದ ಡಬ್ಬ ಎಷ್ಟು, ಕೂಲಿ ಎಷ್ಟು, ಎಷ್ಟು ದಿನ ಎಂದು ಒಂದೊಂದಾಗಿ ಕೇಳುತ್ತ ಬರೆದುಕೊಂಡು ಕೂಡಿಸಿದಳು, 5,200 ಆಯಿತು. ನಾನು ಇನ್ನೊಮ್ಮೆ ಕೂಡಿಸಿದೆ. ಅವಳದೇ ಸರಿ. 34,800 ಎಣಿಸಿಕೊಟ್ಟೆ, ಅವಳೂ ಎಣಿಸಿಕೊಂಡು ಜಮಾ ಬರೆದಳು.